ಮೊದಲು ನಳಿಗೆ, ಕೊನೆಗೆ ಹೆಸರು

ಇವತ್ತು ನಾನು ಮಾತಾಡಬೇಕೆಂದಿರುವುದು ಅಮೆರಿಕದ ಹಳೆಯ ಜೋಡುನಳಿಗೆ ಕೋವಿಯ ಬಗ್ಗೆ. ಪಕ್ಕಪಕ್ಕದಲ್ಲಿ ಕೂಡಿಸಿದ ಎರಡು ನಳಿಗೆ, ಮಡಿಸಿ ತೆರೆದರೆ ತೋಟೆ ಹಾಕುವ ಎರಡು ಮನೆ, ಭುಜಕ್ಕೆ ಆನಿಸಲು ವಾಲ್ನಟ್ ಮರದ ಹಿಡಿ. 1870ರ ಆಸುಪಾಸಿನಿಂದ ಎರಡನೆಯ ಮಹಾಯುದ್ಧದವರೆಗೆ ಅಮೆರಿಕದ ಈಶಾನ್ಯ ಭಾಗದ ಕಾರ್ಖಾನೆಗಳಲ್ಲಿ ಇಂಥ ಕೋವಿಗಳು ಲಕ್ಷಗಟ್ಟಲೆ ತಯಾರಾದವು. ಪಾರ್ಕರ್ ಬ್ರದರ್ಸ್ ಎಂಬ ಒಂದೇ ಕಂಪನಿ ಸುಮಾರು 2,42,000 ಕೋವಿಗಳನ್ನು ಮಾಡಿತು. ಆಮೇಲೆ ಆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಕೋವಿಗಳು ಮಾತ್ರ ಉಳಿದವು. ಅವು ಇಂದಿಗೂ ಅಲ್ಲಿನ ಅಂಗಡಿಗಳಲ್ಲಿ, ಹರಾಜುಗಳಲ್ಲಿ, ಅಜ್ಜನ ಆಸ್ತಿ ಹಂಚಿಕೊಳ್ಳುವ ಮನೆಗಳಲ್ಲಿ ಕೈಬದಲಾಗುತ್ತಲೇ ಇವೆ.

ಇಂಥದೊಂದು ಕೋವಿ ಕೊಳ್ಳಲು ಹೊರಟವನ ಮುಂದೆ ಮೂರು ಪ್ರಶ್ನೆಗಳಿರುತ್ತವೆ. ಇದು ಯಾವ ಕೋವಿ? ಇದರ ಆರೋಗ್ಯ ಹೇಗಿದೆ? ಇದಕ್ಕೆ ಎಷ್ಟು ಕೊಡಬಹುದು? ಬಹಳ ಜನ ನಳಿಗೆಯ ಮೇಲಿನ ಹೆಸರನ್ನು ಮೊದಲು ಓದುತ್ತಾರೆ, ಕೂಡಲೇ ಬೆಲೆ ಕೇಳುತ್ತಾರೆ, ಆರೋಗ್ಯವನ್ನು ಮನೆಗೆ ಒಯ್ದ ಮೇಲೆ ನೋಡುತ್ತಾರೆ. ಆ ಕ್ರಮವನ್ನು ತಿರುಗಿಸಬೇಕು ಎನ್ನುವುದೇ ನನ್ನ ಇವತ್ತಿನ ಮಾತಿನ ಸಾರ. ಮೊದಲು ನಳಿಗೆ ನೋಡಬೇಕು. ಆಮೇಲೆ ಬೀಗ, ಅಂದರೆ ಕೋವಿಯನ್ನು ಮುಚ್ಚಿ ಹಾರಿಸುವ ಯಂತ್ರ; ಆಮೇಲೆ ಮರ, ಮೇಲ್ಮೈ. ಹೆಸರನ್ನು ಅದಾದ ಮೇಲೆ ಓದಿದರೆ ಸಾಕು.

ಹೀಗೇಕೆ ಎಂಬುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಇಂಗ್ಲೆಂಡಿನಲ್ಲಿ ಕೋವಿ ಮಾಡಿದವನು ಅದನ್ನು ಹಾಗೆಯೇ ಮಾರುವಂತಿರಲಿಲ್ಲ. ಲಂಡನ್ನಿನಲ್ಲಿ ಒಂದು, ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಪಾರ್ಲಿಮೆಂಟಿನ ಕಾಯಿದೆಯಿಂದ ಹುಟ್ಟಿದ ಇನ್ನೊಂದು, ಹೀಗೆ ಎರಡು ಪರೀಕ್ಷಾಗೃಹಗಳಿದ್ದವು. ಅಲ್ಲಿ ಮಾಮೂಲಿಗಿಂತ ಹೆಚ್ಚು ಮದ್ದು ಹಾಕಿ ಹಾರಿಸಿ, ನಳಿಗೆ ತಡೆದುಕೊಂಡರೆ ಮುದ್ರೆ ಒತ್ತುತ್ತಿದ್ದರು. ಬೆಲ್ಜಿಯಮ್ಮಿನ ಲೀಜ್ ನಗರದಲ್ಲೂ ಇದೇ ಪದ್ಧತಿ. ಮುಂದೆ ಯಾರಾದರೂ ಅಂಥ ಕೋವಿಯ ನಳಿಗೆಯನ್ನು ಒಳಗಿಂದ ಉಜ್ಜಿ ತೆಳುವಾಗಿಸಿದ್ದರೆ, ಮುದ್ರೆಯ ಜೊತೆಗಿರುವ ಅಳತೆಯನ್ನು ಇಂದಿನ ಅಳತೆಗೆ ಹೋಲಿಸಿ ಸುಳಿವು ಹಿಡಿಯಬಹುದು. ಅಮೆರಿಕದಲ್ಲಿ ಇಂಥ ಪರೀಕ್ಷಾಗೃಹ ಎಂದೂ ಇರಲಿಲ್ಲ. ಪ್ರತಿ ಕಂಪನಿಯೂ ತನ್ನ ಕೋವಿಯನ್ನು ತಾನೇ ಪರೀಕ್ಷಿಸಿ ಮಾರಿತು. ಅಲ್ಲಿಂದ ಈಚೆಗೆ ಆ ನಳಿಗೆಗೆ ಏನಾಯಿತು ಎಂದು ಹೇಳುವ ಯಾವ ಮುದ್ರೆಯೂ ಅದರ ಮೇಲಿಲ್ಲ. ಹಾಗಾಗಿ ಅಮೆರಿಕದ ಕೋವಿಗೆ ಕೊಳ್ಳುವವನ ಕಣ್ಣು ಮತ್ತು ಅಳತೆಗೋಲೇ ಪರೀಕ್ಷಾಗೃಹ.

ಕೋವಿ ಕೈಗೆ ಬಂದ ಕೂಡಲೇ ಮಾಡಬೇಕಾದ ಕೆಲಸ, ಅದನ್ನು ತೆರೆದು ಎರಡೂ ಮನೆ ಖಾಲಿ ಇವೆಯೇ ಎಂದು ನೋಡುವುದು. ಮಾರುವವರು ಎಷ್ಟೇ ನಂಬಿಕಸ್ಥರಾಗಿರಲಿ, ಇದನ್ನು ಬಿಡಬಾರದು. ಆಮೇಲೆ ಮುಂಭಾಗದ ಮರವನ್ನು ಬಿಡಿಸಿ, ನಳಿಗೆಗಳನ್ನು ಕಳಚಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಒಳಮೈಯಲ್ಲಿ ಬೆಳಕು ಸಮವಾದ ಉಂಗುರಗಳಾಗಿ ಬೀಳಬೇಕು. ಉಂಗುರ ಎಲ್ಲಿ ಸೊಟ್ಟಗಾಯಿತೋ ಅಲ್ಲಿ ತಗ್ಗು ಬಿದ್ದಿದೆ ಅಥವಾ ಉಬ್ಬಿದೆ ಎಂದರ್ಥ. ತಗ್ಗನ್ನು ಬಲ್ಲ ಕೋವಿಗಾರ ಎತ್ತಬಲ್ಲ. ಉಬ್ಬು ಬಂದಿದ್ದರೆ ಲೋಹವೇ ಹಿಗ್ಗಿ ತೆಳುವಾಗಿದೆ, ಅಂಥ ನಳಿಗೆಯಿಂದ ದೂರವಿರುವುದು ಒಳ್ಳೆಯದು. ಸಣ್ಣ ಕಪ್ಪು ಗುಳಿಗಳು ಕಂಡರೆ ಅದು ತುಕ್ಕು ತಿಂದ ಗುರುತು. ಹಳೆಯ ಕಪ್ಪು ಮದ್ದಿನ ಮತ್ತು ಹಳೆಯ ಕೇಪುಗಳ ಶೇಷ ತೇವವನ್ನು ಎಳೆದುಕೊಳ್ಳುತ್ತಿತ್ತು. ಹಾರಿಸಿದ ದಿನವೇ ತೊಳೆಯದ ಕೋವಿಗೆ ಈ ಗುಳಿಗಳು ತಪ್ಪಿದ್ದಲ್ಲ.

ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೂ ಹಿಗ್ಗಬೇಡಿ. ಗುಳಿಗಳನ್ನು ಮಾಯ ಮಾಡಲು ಯಾರೋ ಒಳಗಿಂದ ಉಜ್ಜಿಸಿರಬಹುದು. ಗುಳಿಯ ಜೊತೆಗೆ ಗೋಡೆಯೂ ಹೋಗಿರುತ್ತದೆ. ಇಲ್ಲಿ ಎರಡು ಅಳತೆಗಳು ಬೇಕು. ಒಂದು, ಒಳವ್ಯಾಸ. 12 ಬೋರ್ ಎಂದರೆ ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡುಗಳನ್ನು ಮಾಡಿದರೆ ಒಂದೊಂದು ಗುಂಡಿಗೆ ಎಷ್ಟು ವ್ಯಾಸ ಬರುತ್ತದೋ ಅಷ್ಟು, ಅಂದರೆ 0.729 ಅಂಗುಲ. 16 ಬೋರಿಗೆ 0.662, 20 ಬೋರಿಗೆ 0.615. ಕಾರ್ಖಾನೆಯಿಂದ ಕಾರ್ಖಾನೆಗೆ ಕೂದಲೆಳೆಯ ವ್ಯತ್ಯಾಸ ಮೊದಲಿನಿಂದಲೂ ಇತ್ತು, ಅದು ದೋಷವಲ್ಲ. ಆದರೆ ವ್ಯಾಸ ಇದಕ್ಕಿಂತ ಬಹಳ ಹೆಚ್ಚಿದ್ದರೆ ಉಜ್ಜಿದ್ದಾರೆ ಎಂದೇ ತಿಳಿಯಬೇಕು. ಎರಡನೆಯದು, ಗೋಡೆಯ ದಪ್ಪ. ಇದು ಹೆಚ್ಚು ಮುಖ್ಯ. ನಳಿಗೆಯ ಗೋಡೆ ಬುಡದಲ್ಲಿ ದಪ್ಪವಾಗಿದ್ದು ಬಾಯಿಯ ಕಡೆಗೆ ಹೋದಂತೆ ತೆಳುವಾಗುತ್ತದೆ. ತೀರ ತೆಳುವಾದ ಜಾಗದಲ್ಲೂ ಅಂಗುಲದ ಸಾವಿರ ಭಾಗಗಳಲ್ಲಿ 20, ಅಂದರೆ ಸುಮಾರು ಅರ್ಧ ಮಿಲಿಮೀಟರ್ ಉಳಿದಿರಬೇಕು ಎಂಬುದು ಬಲ್ಲವರು ಹಿಡಿದಿರುವ ಕನಿಷ್ಠ ಮಿತಿ. ಅದಕ್ಕಿಂತ ಹೆಚ್ಚಿದ್ದಷ್ಟೂ ನೆಮ್ಮದಿ. ಇದನ್ನು ಕಣ್ಣಂದಾಜಿನಲ್ಲಿ ಹೇಳುವಂತಿಲ್ಲ. ಅದಕ್ಕೆಂದೇ ಒಂದು ಗೇಜ್ ಇದೆ, ಅದನ್ನು ಎರಡೂ ನಳಿಗೆಗಳ ಸುತ್ತ ಹಲವು ಕಡೆ ಇಟ್ಟು ಅಳೆಯಬೇಕು.

ಇನ್ನು ನಳಿಗೆ ಯಾವ ಲೋಹದ್ದು ಎಂಬ ಮಾತು. ಹತ್ತೊಂಬತ್ತನೆಯ ಶತಮಾನದ ಕೋವಿಗಳ ಮೇಲೆ ಅಲೆಯಲೆಯಾದ, ಸುರುಳಿಸುರುಳಿಯಾದ ಚಂದದ ಚಿತ್ತಾರ ಕಾಣಬಹುದು. ಅದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಒಟ್ಟಿಗೆ ಬೆಸೆದು, ಹಗ್ಗದಂತೆ ಹೊಸೆದು, ಆ ಪಟ್ಟಿಯನ್ನು ಒಂದು ಸಲಾಕೆಯ ಮೇಲೆ ಸುರುಳಿ ಸುತ್ತಿ, ಕಾಯಿಸಿ ಬಡಿದು ನಳಿಗೆ ಮಾಡುತ್ತಿದ್ದರು. ಅಮೆರಿಕದ ದೊಡ್ಡ ಕಂಪನಿಗಳು ಕೂಡ ಈ ನಳಿಗೆಗಳನ್ನು ಹೆಚ್ಚಾಗಿ ಬೆಲ್ಜಿಯಮ್ಮಿನಿಂದ, ಲೀಜ್ ಬಳಿಯ ವೆಸ್ದ್ರ್ ನದಿ ಕಣಿವೆಯ ಕಮ್ಮಾರರಿಂದ ತರಿಸಿಕೊಳ್ಳುತ್ತಿದ್ದವು. ಮನುಷ್ಯನ ಕೈ ಮಾಡಿದ ಅತಿ ಸೊಗಸಾದ ಲೋಹದ ಕೆಲಸಗಳಲ್ಲಿ ಅದೂ ಒಂದು ಎಂದು ನಾನು ನಂಬಿದ್ದೇನೆ.

ಆದರೆ ಆ ನಳಿಗೆಯಲ್ಲಿ ನೂರಾರು ಬೆಸುಗೆಗಳಿವೆ. ಒಳಗೆ ಎಲ್ಲಿ ಕಿಟ್ಟ ಸೇರಿದೆಯೋ, ಎಲ್ಲಿ ತುಕ್ಕು ಬೆಸುಗೆಯ ಗೆರೆ ಹಿಡಿದು ಇಳಿದಿದೆಯೋ ಹೊರಗಿನಿಂದ ಕಾಣುವುದಿಲ್ಲ. ಅದು ಕಪ್ಪು ಮದ್ದಿನ ಕಾಲಕ್ಕೆ ಹುಟ್ಟಿದ್ದು. 1890ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಳಕೆಗೆ ಬಂತು. ಅದರ ಒತ್ತಡ ನಳಿಗೆಯ ಉದ್ದಕ್ಕೂ ಹೆಚ್ಚು ದೂರ ಉಳಿಯುತ್ತದೆ. ಆಗ ಎರಕದ ಉಕ್ಕನ್ನು ಕೊರೆದು ಮಾಡಿದ ನಳಿಗೆಗಳು ಬಂದವು. ಪಾರ್ಕರ್ ಅದಕ್ಕೆ ವಲ್ಕನ್, ಟೈಟಾನಿಕ್, ಆಕ್ಮೆ ಎಂದು ಹೆಸರಿಟ್ಟಿತು, ಫಾಕ್ಸ್ ಕಂಪನಿ ಕ್ರೋಮಾಕ್ಸ್ ಎಂದಿತು. ಈ ಹೆಸರುಗಳನ್ನು ನಳಿಗೆಯ ಮೇಲೋ ನಡುವಿನ ಪಟ್ಟಿಯ ಮೇಲೋ ಕೆತ್ತಿರುತ್ತಾರೆ. ಡಮಾಸ್ಕಸ್ ನಳಿಗೆಯಲ್ಲಿ ಇಂದಿನ ತೋಟೆ ಹಾರಿಸಬೇಡಿ ಎಂಬುದು ಅಮೆರಿಕದ ತೋಟೆ ತಯಾರಕರೇ ಕೊಡುವ ಎಚ್ಚರಿಕೆ. ಅದನ್ನು ನಾನೂ ಒತ್ತಿ ಹೇಳುತ್ತೇನೆ. ಡಮಾಸ್ಕಸ್ ಕೋವಿಯನ್ನು ಅದರ ಚೆಲುವಿಗಾಗಿ ಕೊಳ್ಳಿ, ಆ ಲೆಕ್ಕದಲ್ಲೇ ಬೆಲೆ ಕಟ್ಟಿ. ಮಾಮೂಲಿ ಉಕ್ಕಿನ ಮೇಲೆ ಡಮಾಸ್ಕಸ್ಸಿನ ಚಿತ್ತಾರವನ್ನು ಬಣ್ಣದಿಂದ ಮೂಡಿಸಿದ ಅಗ್ಗದ ಕೋವಿಗಳೂ ಆ ಕಾಲದಲ್ಲಿ ಬಂದಿದ್ದವು, ಅದೂ ನೆನಪಿರಲಿ.

ತೋಟೆಯ ಮನೆಯ ಉದ್ದ ಇನ್ನೊಂದು ಗುಪ್ತ ಅಪಾಯ. ಇಂದಿನ 12 ಬೋರ್ ತೋಟೆ ಸಾಮಾನ್ಯವಾಗಿ ಎರಡೂಮುಕ್ಕಾಲು ಅಂಗುಲದ್ದು. ಹಳೆಯ 12 ಬೋರ್ ಕೋವಿಗಳಲ್ಲಿ ಅನೇಕವು ಎರಡು ಅಂಗುಲ ಐದು ಎಂಟಾಂಶಕ್ಕೆ ಕೊರೆದವು, 20 ಬೋರಿನವು ಎರಡೂವರೆಗೆ. ತೋಟೆಯ ಮೇಲೆ ಬರೆದ ಉದ್ದ ಅದು ಹಾರಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹಾರಿಸುವ ಮುನ್ನ ಅದರ ಬಾಯಿ ಮಡಿಸಿರುವುದರಿಂದ ಉದ್ದ ತೋಟೆಯೂ ಗಿಡ್ಡ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಎಲ್ಲ ಸರಿಯಾಗಿದೆ ಎನಿಸುತ್ತದೆ. ಹಾರಿಸಿದಾಗ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ನಳಿಗೆ ಕಿರಿದಾಗುವ ಕಡೆ ಹೋಗಿ ಒತ್ತುತ್ತದೆ, ಒತ್ತಡ ಏರುತ್ತದೆ. ಆದ್ದರಿಂದ ‘ತೋಟೆ ಕೂತಿತು’ ಎನ್ನುವುದು ಪುರಾವೆಯಲ್ಲ. ಮನೆಯನ್ನು ಗೇಜಿನಿಂದ ಅಳೆಯಬೇಕು. ಈ ಮಾತು ನಮ್ಮ ಮಲೆನಾಡಿನ, ಕೊಡಗಿನ ಮನೆಗಳಲ್ಲಿ ತಲೆಮಾರಿನಿಂದ ಬಂದಿರುವ ಹಳೆಯ ಜೋಡುನಳಿಗೆ ಕೋವಿಗಳಿಗೂ ಅಷ್ಟೇ ಸಲ್ಲುತ್ತದೆ, ಅವು ಯಾವ ದೇಶದವೇ ಆಗಿರಲಿ.

ನಳಿಗೆ ಕುರಿತು ಇನ್ನೆರಡು ಪರೀಕ್ಷೆಗಳಿವೆ. ನಳಿಗೆಗಳ ಬುಡದ ಕೊಂಡಿಯನ್ನು ಬೆರಳಿಗೆ ಸಿಕ್ಕಿಸಿ ತೂಗಿಬಿಟ್ಟು ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ. ಗಂಟೆಯ ಹಾಗೆ ನಾದ ಎಳೆದರೆ ನಡುವಿನ ಪಟ್ಟಿಗಳ ಬೆಸುಗೆ ಗಟ್ಟಿಯಾಗಿದೆ. ಒಡಕು ಸದ್ದು ಬಂದರೆ ಪಟ್ಟಿ ಎಲ್ಲೋ ಬಿಟ್ಟಿದೆ. ಪಟ್ಟಿಗಳನ್ನು ತವರ-ಸೀಸದ ಮೆದು ಬೆಸುಗೆಯಿಂದ ಕೂಡಿಸಿರುತ್ತಾರೆ. ಹಳೆಯ ಕಾರ್ಖಾನೆಯವರು ನಳಿಗೆಗೆ ನೀಲಿಗಪ್ಪು ಬಣ್ಣ ಬರಿಸಲು ಮತ್ತೆ ಮತ್ತೆ ತೆಳು ತುಕ್ಕು ಹಿಡಿಸಿ ಉಜ್ಜುತ್ತಿದ್ದರು. ಈಚಿನವರು ಅವಸರಕ್ಕೆ ಬಿಸಿ ಕ್ಷಾರದ ತೊಟ್ಟಿಯಲ್ಲಿ ಮುಳುಗಿಸಿದರೆ ಆ ಕ್ಷಾರ ಬೆಸುಗೆಯನ್ನೇ ತಿಂದುಹಾಕುತ್ತದೆ. ಹೊಚ್ಚಹೊಸ ಕಡುಗಪ್ಪು ಹೊಳಪಿನ ಹಳೆಯ ಜೋಡುನಳಿಗೆಯನ್ನು ಅನುಮಾನದಿಂದಲೇ ನೋಡಬೇಕಾದುದು ಅದಕ್ಕೆ. ಎರಡನೆಯ ಪರೀಕ್ಷೆ ಬಾಯಿಯ ಬಳಿ. ಕಾರ್ಖಾನೆಯಿಂದ ಬಂದ ಜೋಡುನಳಿಗೆಯ ತುದಿಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಇರುತ್ತವೆ. ನಡುವೆ ಎದ್ದು ಕಾಣುವ ಸಂದು ಇದ್ದು, ಅದನ್ನು ಬೆಸುಗೆಯಿಂದ ತುಂಬಿದ್ದರೆ ನಳಿಗೆಯನ್ನು ಕತ್ತರಿಸಿದ್ದಾರೆ. ಕತ್ತರಿಸಿದಾಗ ಬಾಯಿಯ ಬಳಿಯ ಚೋಕ್, ಅಂದರೆ ಚರೆಯನ್ನು ಒಟ್ಟಾಗಿ ಕಳಿಸುವ ಬಿಗಿ, ಅದರೊಂದಿಗೇ ಹೋಗುತ್ತದೆ. ಪೂರ್ತಿ ಚೋಕಿನ ನಳಿಗೆ 40 ಗಜದಾಚೆಯ 30 ಅಂಗುಲದ ವೃತ್ತದೊಳಗೆ ನೂರಕ್ಕೆ ಸುಮಾರು 70 ಚರೆ ಹಾಕಬೇಕು. ಕತ್ತರಿಸಿದ ನಳಿಗೆ 40ರ ಆಸುಪಾಸಿಗೆ ಇಳಿಯುತ್ತದೆ. ಸಂಗ್ರಹಕಾರನ ಲೆಕ್ಕದಲ್ಲಂತೂ ಕತ್ತರಿಸಿದ ಕೋವಿಗೆ ಬಿಡಿಭಾಗಗಳ ಬೆಲೆಯಷ್ಟೇ ಉಳಿಯುತ್ತದೆ.

ನಳಿಗೆ ಪಾಸಾದರೆ ಬೀಗಕ್ಕೆ ಬನ್ನಿ. ಮುಂಭಾಗದ ಮರವನ್ನು ಪಕ್ಕಕ್ಕಿಟ್ಟು, ನಳಿಗೆಯನ್ನು ಯಂತ್ರ ಹಿಡಿದಿರುವ ಉಕ್ಕಿನ ಒಡಲಿಗೆ ಜೋಡಿಸಿ ಮುಚ್ಚಿ, ಅಲುಗಾಡಿಸಿ ನೋಡಿ. ಸ್ವಲ್ಪವೂ ಗಡಗಡ ಅನ್ನಬಾರದು. ಬುಡ ಮತ್ತು ಒಡಲಿನ ನಡುವೆ ಬೆಳಕು ಹಾಯಬಾರದು. ಮೇಲಿನ ಲಿವರನ್ನು ನೋಡಿ. ಹೊಸದಾಗಿದ್ದಾಗ ಅದು ಮುಚ್ಚಿದ ಮೇಲೂ ನಡುಗೆರೆಯಿಂದ ತುಸು ಬಲಕ್ಕೆ ನಿಲ್ಲುತ್ತದೆ, ಸವೆದಂತೆ ನಡುವಿಗೆ ಬರುತ್ತದೆ. ನಡುಗೆರೆ ದಾಟಿ ಎಡಕ್ಕೆ ಹೋಗಿದ್ದರೆ ಸವೆತ ತುಂಬ ಆಗಿದೆ. ಇದು ತಿದ್ದಬಹುದಾದ ದೋಷ, ಆದರೆ ತಿದ್ದುವ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು.

ಬೀಗದಲ್ಲಿ ಎರಡು ಬಗೆ. ಯಂತ್ರವೆಲ್ಲ ಒಡಲೊಳಗೆ ಅಡಗಿರುವುದು ಬಾಕ್ಸ್‌ಲಾಕ್. ಹೊರಗೆ ಕುದುರೆ, ಅಂದರೆ ಕೇಪಿಗೆ ಏಟು ಕೊಡುವ ಸುತ್ತಿಗೆ, ಕಾಣದ ಪಾರ್ಕರ್, ಫಾಕ್ಸ್, ಇಥಾಕಾ ಕೋವಿಗಳು ಈ ಬಗೆಯವು. ಎರಡೂ ಪಕ್ಕದ ಫಲಕಗಳ ಮೇಲೆ ಯಂತ್ರ ಕೂತಿರುವುದು ಸೈಡ್‌ಲಾಕ್. ಎಲ್. ಸಿ. ಸ್ಮಿತ್ ಕೋವಿ ಈ ಬಗೆಯ ಅಮೆರಿಕದ ಪ್ರಮುಖ ಉದಾಹರಣೆ. ಸ್ಮಿತ್ ಕೋವಿಯನ್ನು ಕೊಳ್ಳುವವರು ಆ ಫಲಕಗಳ ಹಿಂದಿನ ಮರವನ್ನು ಭೂತಗನ್ನಡಿಯಲ್ಲಿ ನೋಡಲೇಬೇಕು. ಫಲಕ ಕೂರಿಸಲು ಅಲ್ಲಿ ಮರವನ್ನು ಬಹಳ ಕೊರೆದಿರುವುದರಿಂದ, ಹಾರಿಸಿದಾಗಿನ ಒದೆತಕ್ಕೆ ಬಿರುಕು ಬಿಡುವುದು ಆ ಕೋವಿಯ ಹುಟ್ಟುಗುಣ. ಮಿಕ್ಕ ಕೋವಿಗಳಲ್ಲೂ ಭುಜಕ್ಕಾನಿಸುವ ಮರವನ್ನು ಕತ್ತರಿಸಿದ್ದಾರೆಯೇ, ತುದಿಯ ತಟ್ಟೆ ಮೂಲದ್ದೇ ಎಂದು ನೋಡಬೇಕು. ಪಾರ್ಕರ್ ಕಂಪನಿಯ ಅನೇಕ ಕೋವಿಗಳ ಗಟ್ಟಿ ರಬ್ಬರಿನ ತಟ್ಟೆಯ ಮೇಲೆ ನಾಯಿಯ ತಲೆಯ ಚಿತ್ರವಿರುತ್ತಿತ್ತು. ಅದರ ಜಾಗದಲ್ಲಿ ಹೊಸ ರಬ್ಬರ್ ಮೆತ್ತೆ ಇದ್ದರೆ ಹಾರಿಸುವವನಿಗೆ ಸುಖ, ಸಂಗ್ರಹಕಾರನಿಗೆ ನಷ್ಟ.

ಈಗ ಮೇಲ್ಮೈ. ಬೆಲೆಯ ಬಹುಪಾಲು ನಿಂತಿರುವುದು ಇಲ್ಲಿ. ಈ ಕೋವಿಗಳ ಉಕ್ಕಿನ ಒಡಲನ್ನು ಮೂಳೆ ಮತ್ತು ಮರದ ಇದ್ದಿಲಿನ ನಡುವೆ ಹೂತು ಕೆಂಪಗೆ ಕಾಯಿಸಿ, ಒಮ್ಮೆಗೇ ನೀರಿಗೆ ಹಾಕುತ್ತಿದ್ದರು. ಮೇಲ್ಪದರ ಗಡುಸಾಗುತ್ತಿತ್ತು, ಜೊತೆಗೆ ನೀಲಿ, ಕಂದು, ಬೂದುಬಣ್ಣಗಳು ಮೋಡಮೋಡವಾಗಿ ಮೂಡುತ್ತಿದ್ದವು. ಆ ಬಣ್ಣ ಕೈಯ ಬೆವರಿಗೆ, ಬಿಸಿಲಿಗೆ, ಉಜ್ಜಾಟಕ್ಕೆ ಮಾಸುತ್ತದೆ. ನೂರು ವರ್ಷದ ಮೇಲೂ ಆ ಬಣ್ಣ ಉಳಿದಿರುವ ಕೋವಿಗೂ, ಅದೇ ದರ್ಜೆಯ ಬಿಳಿಚಿಕೊಂಡ ಕೋವಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ ಇರುತ್ತದೆ. ಇಂದಿಗೂ ಆ ಬಣ್ಣ ಬರಿಸುವ ಕುಶಲಿಗಳಿದ್ದಾರೆ, ಆದರೆ ಅದು ಹೊಸ ಬಣ್ಣವೇ ಹೊರತು ಮೂಲದ್ದಲ್ಲ. ಹೊಸ ಬಣ್ಣ ಹಾಕುವ ಮುನ್ನ ಉಜ್ಜಿರುತ್ತಾರೆ. ಅದರ ಗುರುತು ತಿರುಪುಗಳ ಸುತ್ತ ಕಾಣುತ್ತದೆ. ತಿರುಪಿನ ರಂಧ್ರದ ಅಂಚು ತಟ್ಟೆಯಂತೆ ಕುಳಿ ಬಿದ್ದಿರುತ್ತದೆ, ಕೆತ್ತನೆಯ ಗೆರೆಗಳ ಮೊನೆ ಮಸುಕಾಗಿರುತ್ತದೆ, ಒಡಲಿನ ಚೂಪು ಅಂಚುಗಳು ದುಂಡಾಗಿರುತ್ತವೆ. ಒಳ್ಳೆಯ ಕೋವಿಗಳಲ್ಲಿ ಕಾರ್ಖಾನೆಯವರು ತಿರುಪುಗಳ ಸೀಳುಗಳೆಲ್ಲ ನಳಿಗೆಯ ದಿಕ್ಕಿಗೇ ನಿಲ್ಲುವಂತೆ ಕೂರಿಸುತ್ತಿದ್ದರು. ಆ ಸೀಳುಗಳು ಅಡ್ಡಾದಿಡ್ಡಿ ತಿರುಗಿದ್ದರೆ, ಅಂಚು ಕಿತ್ತಿದ್ದರೆ, ಕಲಿಯದ ಕೈ ಒಳಹೊಕ್ಕಿದೆ.

ಇಷ್ಟೆಲ್ಲ ನೋಡಿದ ಮೇಲೆ ಹೆಸರಿಗೆ ಬನ್ನಿ. ಕನೆಕ್ಟಿಕಟ್ ರಾಜ್ಯದ ಮೆರಿಡೆನ್ ಊರಿನ ಪಾರ್ಕರ್ ಬ್ರದರ್ಸ್ ಮೊದಲನೆಯದು. ಚಾರ್ಲ್ಸ್ ಪಾರ್ಕರ್ ಎಂಬ ಉದ್ಯಮಿ ಕಾಫಿ ಪುಡಿ ಮಾಡುವ ಗಿರಣಿಯಂಥ ಸಾಮಾನುಗಳಿಂದ ಶುರುಮಾಡಿ, ಅಂತರ್ಯುದ್ಧದಲ್ಲಿ ಸೈನ್ಯಕ್ಕೆ ಬಂದೂಕು ಒದಗಿಸಿ, ಯುದ್ಧದ ನಂತರ ಚರೆಕೋವಿಗಿಳಿದ ಮನೆತನ ಅದು. 1934ರಲ್ಲಿ ರೆಮಿಂಗ್ಟನ್ ಅದನ್ನು ಕೊಂಡಿತು, ಮುಂದೆ ಯುದ್ಧಕಾಲದಲ್ಲಿ ತಯಾರಿಕೆ ನಿಂತಿತು. ಎಲ್. ಸಿ. ಸ್ಮಿತ್ ಕೋವಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ಹುಟ್ಟಿ, ಹಂಟರ್ ಸೋದರರ ಕೈಗೆ ಹೋಗಿ, ಫುಲ್ಟನ್ ಊರಿನಲ್ಲಿ ಬೆಳೆಯಿತು. ಆ ಹೆಸರಿನ ಒಡೆಯ ಲೈಮನ್ ಸ್ಮಿತ್ ಕೋವಿಯ ವ್ಯವಹಾರವನ್ನು ಮಾರಿ ಟೈಪ್‌ರೈಟರ್ ಕಡೆ ಹೊರಳಿದರು. ಸ್ಮಿತ್-ಕರೋನಾ ಟೈಪ್‌ರೈಟರಿನ ಹೆಸರಿನಲ್ಲಿರುವ ಸ್ಮಿತ್ ಅದೇ ಮನೆತನ. ಸಿರಾಕ್ಯೂಸಿನಲ್ಲೇ ಡ್ಯಾನಿಯಲ್ ಲಫೀವರ್ ಹೊರಗೆ ಕುದುರೆ ಕಾಣದ ಕೋವಿಯನ್ನು 1880ರ ದಶಕದಲ್ಲಿ ಬೆಳೆಸಿದರು. ಸವೆದ ಕೀಲನ್ನು ತಿರುಪಿನಿಂದಲೇ ಬಿಗಿ ಮಾಡುವ ಅವರ ಉಪಾಯ ಇಂದಿಗೂ ಮೆಚ್ಚುವಂಥದ್ದು. ಫಿಲಡೆಲ್ಫಿಯಾದ ಆನ್ಸ್‌ಲಿ ಫಾಕ್ಸ್ ಮಾಡಿದ ಕೋವಿಯಲ್ಲಿ ಯಂತ್ರದ ಬಿಡಿಭಾಗಗಳು ತೀರ ಕಡಿಮೆ. ಒಳಗಿನ ಕುದುರೆ ಮತ್ತು ಕೇಪನ್ನು ಹೊಡೆಯುವ ಮೊನೆ ಒಂದೇ ತುಂಡು.

ಹೆಸರು ಇವೇ ಇದ್ದರೂ ಕೋವಿ ಬೇರೆ ಇರಬಹುದು, ಎಚ್ಚರ ಬೇಕಾದುದು ಇಲ್ಲಿಯೇ. 1916ರಲ್ಲಿ ಲಫೀವರ್ ಕಂಪನಿಯನ್ನು ಕೊಂಡ ಇಥಾಕಾ ಕಂಪನಿ, 1921ರಿಂದ ‘ಲಫೀವರ್ ನೈಟ್ರೋ ಸ್ಪೆಷಲ್’ ಎಂಬ ಅಗ್ಗದ, ಗಟ್ಟಿಮುಟ್ಟಾದ ಕೋವಿ ಮಾರಿತು. ಅದು ಸಿರಾಕ್ಯೂಸಿನ ಲಫೀವರ್ ಅಲ್ಲ. 1929ರಲ್ಲಿ ಫಾಕ್ಸ್ ಅನ್ನು ಕೊಂಡ ಸ್ಯಾವೇಜ್ ಕಂಪನಿ ಮುಂದೆ ‘ಫಾಕ್ಸ್ ಮಾಡೆಲ್ ಬಿ’ ಎಂಬುದನ್ನು ತಂದಿತು. ಅದು ಫಿಲಡೆಲ್ಫಿಯಾದ ಫಾಕ್ಸ್ ಅಲ್ಲ. 1980ರ ದಶಕದಲ್ಲಿ ಜಪಾನಿನಲ್ಲಿ ಪಾರ್ಕರ್ ಕೋವಿಯ ಪ್ರತಿಕೃತಿಗಳು ತಯಾರಾದವು. ಅವು ಒಳ್ಳೆಯ ಕೋವಿಗಳೇ, ಆದರೆ ಮೆರಿಡೆನ್ನಿನವಲ್ಲ. ಇನ್ನು ಕನೆಕ್ಟಿಕಟ್ಟಿನ ನಾರ್ವಿಚ್ ಊರಿನ ಕ್ರೆಸೆಂಟ್ ಕಂಪನಿ, ಕೇಳಿದ ಅಂಗಡಿಯ ಹೆಸರನ್ನೇ ಕೋವಿಯ ಮೇಲೆ ಒತ್ತಿ ಕೊಡುತ್ತಿತ್ತು. ಕಬ್ಬಿಣದಂಗಡಿಗಳಲ್ಲಿ, ಅಂಚೆ ಕ್ಯಾಟಲಾಗುಗಳಲ್ಲಿ ನೂರಾರು ಹೆಸರಲ್ಲಿ ಮಾರಾಟವಾದ ಅಂಥ ಕೋವಿಗಳಿಗೆ ವಯಸ್ಸಿದೆ, ಬೆಲೆಯಿಲ್ಲ. ಬೆಲ್ಜಿಯಮ್ಮಿನಿಂದ ಬಂದ ಅಗ್ಗದ ಕೋವಿಗಳ ಮೇಲೆ ‘ಡಬ್ಲ್ಯು. ರಿಚರ್ಡ್ಸ್’ ಎಂಬಂಥ, ಪ್ರಖ್ಯಾತ ಇಂಗ್ಲಿಷ್ ಹೆಸರನ್ನು ಹೋಲುವ ಹೆಸರುಗಳೂ ಇದ್ದವು. ನಳಿಗೆಯ ತಳದಲ್ಲಿ ಅಂಡಾಕಾರದೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರಗಳಿದ್ದರೆ ಅದು ಲೀಜ್ ಪರೀಕ್ಷಾಗೃಹದ ಮುದ್ರೆ. ಮೇಲೆ ಯಾವ ಹೆಸರಿದ್ದರೂ ಆ ಕೋವಿ ಬೆಲ್ಜಿಯಮ್ಮಿನದೇ.

ನಿಜವಾದ ಹೆಸರಿನೊಳಗೂ ದರ್ಜೆಗಳಿವೆ. ಪಾರ್ಕರಿನಲ್ಲಿ 1912ರ ಹೊತ್ತಿಗೆ ಬಂದ ಟ್ರೋಜನ್ ಸಾದಾ ಕೋವಿ. ಮೇಲೆ ವಿ, ಜಿ, ಡಿ, ಸಿ, ಬಿ, ಎ, ಡಬಲ್ ಎ, ಕೊನೆಗೆ ಎ-1 ಸ್ಪೆಷಲ್. ಎಚ್ ಅಕ್ಷರ ಸೇರಿದರೆ ಕುದುರೆ ಹೊರಗಿಲ್ಲ ಎಂದು, ಇ ಸೇರಿದರೆ ಹಾರಿದ ತೋಟೆಯನ್ನು ತಾನಾಗಿ ಎಸೆಯುವ ಎಜೆಕ್ಟರ್ ಇದೆ ಎಂದು ಅರ್ಥ. ಡಿಎಚ್‌ಇ ಎಂದರೆ ಇಷ್ಟೂ ಕೂಡಿದ ಡಿ ದರ್ಜೆಯದು. ದರ್ಜೆ ಏರಿದಂತೆ ಮರದ ಸೊಗಸು, ಕೆತ್ತನೆಯ ಸೂಕ್ಷ್ಮ, ಜೋಡಣೆಯ ಬಿಗಿ ಏರುತ್ತದೆ. ಎಲ್ಲಕ್ಕೂ ಮೇಲಿನ ‘ಇನ್‌ವಿನ್ಸಿಬಲ್’ ಎಂಬ ಪಾರ್ಕರ್ ಕೋವಿ ತಯಾರಾದದ್ದು ಮೂರೇ ಮೂರು. ದರ್ಜೆಗೆ ಇಷ್ಟು ಬೆಲೆ ಇರುವುದರಿಂದಲೇ ಕೆಳದರ್ಜೆಯ ಕೋವಿಗೆ ಹೊಸದಾಗಿ ಕೆತ್ತಿಸಿ ಮೇಲ್ದರ್ಜೆಯದೆಂದು ಮಾರುವವರಿದ್ದಾರೆ. ಅದನ್ನು ಹಿಡಿಯುವ ದಾರಿ ಕ್ರಮಸಂಖ್ಯೆ. ಒಡಲು, ನಳಿಗೆ, ಮುಂಭಾಗದ ಮರದ ಕಬ್ಬಿಣ, ಈ ಮೂರರ ಮೇಲೂ ಒಂದೇ ಸಂಖ್ಯೆ ಇರಬೇಕು. ಆ ಸಂಖ್ಯೆ ಹಿಡಿದು ಕಾರ್ಖಾನೆಯ ದಾಖಲೆ ಕೇಳಬಹುದು. ಪಾರ್ಕರ್ ಸಂಗ್ರಹಕಾರರ ಸಂಘ ಉಳಿದಿರುವ ದಾಖಲೆಗಳಿಂದ ಪತ್ರ ಕೊಡುತ್ತದೆ. ಎಲ್. ಸಿ. ಸ್ಮಿತ್ ಕೋವಿಗಳ ದಾಖಲೆ ವಯೋಮಿಂಗ್ ರಾಜ್ಯದ ಕೋಡಿ ಊರಿನ ಮ್ಯೂಸಿಯಮ್ಮಿನಲ್ಲಿದೆ. ಯಾವ ದರ್ಜೆ, ಯಾವ ಬೋರ್, ಎಷ್ಟುದ್ದದ ನಳಿಗೆ ಎಂದು ಅಲ್ಲಿ ಬರೆದಿರುವುದು ಕೈಯಲ್ಲಿರುವ ಕೋವಿಗೆ ತಾಳೆಯಾದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈಗ ಬೆಲೆ. ಬೆಲೆ ಕಟ್ಟುವಾಗ ಕ್ರಮವಾಗಿ ತೂಗಬೇಕಾದವು ಇವು: ಮೂಲದ ಮೇಲ್ಮೈ ನೂರಕ್ಕೆ ಎಷ್ಟು ಉಳಿದಿದೆ, ಭಾಗಗಳೆಲ್ಲ ಮೂಲದವೇ, ಯಾರು ಮಾಡಿದ್ದು, ಯಾವ ದರ್ಜೆ, ಯಾವ ಬೋರ್. ಬೋರಿನಲ್ಲಿ 12 ಸರ್ವೇಸಾಮಾನ್ಯ. 20 ಕಡಿಮೆ, 28 ಮತ್ತು .410 ಅಂಗುಲದವು ಅತಿ ವಿರಳ. ವಿರಳವಾದಷ್ಟೂ ಬೆಲೆ ಪಟ್ಟುಪಟ್ಟಾಗಿ ಏರುತ್ತದೆ. ಅದಕ್ಕೇ ಸಣ್ಣ ಬೋರಿನ ಕೋವಿಯಲ್ಲಿ ಮೋಸವೂ ಹೆಚ್ಚು, ದಾಖಲೆಯ ಪತ್ರವೂ ಅಲ್ಲಿ ಹೆಚ್ಚು ಅಗತ್ಯ. ಮಾರುವವರು ಕೇಳುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹರಾಜಿನಲ್ಲಿ ಅಂಥದೇ ಕೋವಿ ನಿಜವಾಗಿ ಎಷ್ಟಕ್ಕೆ ಹೋಯಿತು ಎಂದು ನೋಡಿ, ಅದರ ಮೇಲೆ ಕೊಳ್ಳುವವನು ಹರಾಜುಗಾರರಿಗೆ ಕೊಡುವ ಕಮಿಷನ್ ಸೇರಿದೆಯೇ ಎಂದು ವಿಚಾರಿಸಿ. ‘ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್’ ಎಂಬ ದರಪಟ್ಟಿಯ ಪುಸ್ತಕ ದಿಕ್ಕು ತೋರಿಸುತ್ತದೆ. ಆದರೆ ಅದರಲ್ಲಿ ನೂರಕ್ಕೆ ಎಷ್ಟು ಎಂಬ ಅಂಕಣವನ್ನು ಆರಿಸುವುದು ನಿಮ್ಮ ಕಣ್ಣೇ. ಮಾರುವವನು ಸದಾ ಮೇಲಿನ ಅಂಕಣದಲ್ಲಿರುತ್ತಾನೆ.

ಕೊನೆಯದಾಗಿ, ಕೋವಿಯ ಹಿಂದಿನ ಕಥೆ. ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೊರಟಾಗ ಆನ್ಸ್‌ಲಿ ಫಾಕ್ಸ್ ಅವರಿಗೊಂದು ಎಫ್ ದರ್ಜೆಯ ಕೋವಿ ಕೊಟ್ಟಿದ್ದರು. ಅದು 2010ರಲ್ಲಿ ಹರಾಜಿನಲ್ಲಿ, ಕಮಿಷನ್ ಸೇರಿ, 8,62,500 ಡಾಲರಿಗೆ ಹೋಯಿತು. ಅಲ್ಲಿ ಕಥೆಗೆ ಪತ್ರಗಳ ಆಧಾರವಿತ್ತು, ಸ್ವತಃ ರೂಸ್‌ವೆಲ್ಟರ ಬರಹದಲ್ಲೇ ಆ ಕೋವಿಯ ಪ್ರಸ್ತಾಪವಿತ್ತು. ಆಧಾರವಿಲ್ಲದ ಕಥೆಗೆ ಒಂದು ಕಾಸನ್ನೂ ಹೆಚ್ಚು ಕೊಡಬೇಕಿಲ್ಲ. ‘ನಮ್ಮಜ್ಜನಿಗೆ ಇಂಥ ದೊಡ್ಡವರು ಕೊಟ್ಟದ್ದು’ ಎಂಬ ಮಾತನ್ನು ಗೌರವದಿಂದ ಕೇಳಿ, ಬೆಲೆಯನ್ನು ಕೋವಿಗಷ್ಟೇ ಕಟ್ಟಿ.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. ಅಮೆರಿಕದ 1968ರ ಕಾಯಿದೆಯ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿ ಪುರಾತನ ವಸ್ತು. ಅದರಾಚೆಯದು ಮಾಮೂಲಿ ಕೋವಿ, ಎಷ್ಟೇ ಹಳೆಯದಾಗಿ ಕಂಡರೂ ಅದಕ್ಕೆ ಮಾಮೂಲಿ ನಿಯಮಗಳೇ. 1934ರ ಕಾಯಿದೆಯಿಂದಾಗಿ 18 ಅಂಗುಲಕ್ಕಿಂತ ಗಿಡ್ಡಕ್ಕೆ ಕತ್ತರಿಸಿದ ನಳಿಗೆ ಇನ್ನೂ ಕಠಿಣವಾದ ನಿರ್ಬಂಧಕ್ಕೆ ಒಳಪಡುತ್ತದೆ. ರಾಜ್ಯರಾಜ್ಯಕ್ಕೆ ಬೇರೆ ನಿಯಮಗಳೂ ಇವೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಕೊಳ್ಳುವ ಮುನ್ನ ಇದನ್ನು ತಿಳಿದುಕೊಳ್ಳಲಿ. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆ ಇದೆ. ಹಳೆಯದು, ನೆನಪಿನದು ಎಂದು ಪರವಾನಗಿ ವಿಚಾರಿಸದೆ ಅಲ್ಲಿಂದ ಇಲ್ಲಿಗೆ ತರುವ ವಸ್ತು ಇದಲ್ಲ.

ಕೇಳುಗರಲ್ಲಿ ನನ್ನ ಕೋರಿಕೆ ಎರಡೇ. ಹಣ ಕೊಡುವ ಮುನ್ನ ಕೋವಿಯನ್ನು ಜೋಡುನಳಿಗೆ ಬಲ್ಲ ಕೋವಿಗಾರನ ಬಳಿಗೆ ಒಯ್ಯಿರಿ, ಗೋಡೆಯ ದಪ್ಪವನ್ನೂ ಮನೆಯ ಉದ್ದವನ್ನೂ ಅಳೆಸಿ ಬರಹದಲ್ಲಿ ಪಡೆಯಿರಿ. ಅದಕ್ಕೆ ಒಪ್ಪದ ಮಾರಾಟಗಾರನಿಂದ ಕೊಳ್ಳಬೇಡಿ, ಅಳೆಯದ ಕೋವಿಗೆ ತೋಟೆ ಹಾಕಬೇಡಿ. ಕೊಂಡ ಮೇಲೆ ಅದರ ಮೈಯ ಮಾಸಿದ ಬಣ್ಣವನ್ನು, ಸವೆದ ಮರವನ್ನು ಹೊಸದು ಮಾಡಿಸಲು ಹೋಗಬೇಡಿ. ತುಕ್ಕು ಹಿಡಿಯದಂತೆ ಎಣ್ಣೆ ಒರೆಸಿ, ಒಣ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿಡಿ. ಆ ಕೆಲಸಗಾರರ ಕೈಗುರುತು ಒಮ್ಮೆ ಅಳಿಸಿಹೋದರೆ ಎಷ್ಟು ಹಣ ಸುರಿದರೂ ಮರಳಿ ಬರುವುದಿಲ್ಲ.